ಮನೆಯ ಜಾಲದಲ್ಲಿ ಫೈಲ್ ಹಂಚಿಕೆಯ ನಿಧಾನಗತಿ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ

ಒಂದೇ ಮನೆಯ ಎರಡು ಅಥವಾ ಹೆಚ್ಚು ಕಂಪ್ಯೂಟರ್‌ಗಳ ನಡುವೆ ಕೇಬಲ್ ಇಲ್ಲವೆ ವೈ-ಫೈ ಮೂಲಕ ಫೈಲ್ ಕಾಪಿ ಮಾಡುವಾಗ, ಉಪಕರಣಗಳ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ವೇಗ ಸಿಗುವ ಸ್ಥಿತಿ. ಇದಕ್ಕೂ ಇಂಟರ್ನೆಟ್ ಪ್ಲಾನಿಗೂ ಸಂಬಂಧವಿಲ್ಲ. ಹಾಲ್‌ನಲ್ಲಿರುವ ಡೆಸ್ಕ್‌ಟಾಪಿನಿಂದ ಬೆಡ್‌ರೂಮಿನ ಲ್ಯಾಪ್‌ಟಾಪಿಗೆ ಹೋಗುವ ಫೈಲ್ ಮನೆಯ ರೌಟರ್ ದಾಟಿ ಹೊರಗೆ ಕಾಲಿಡುವುದೇ ಇಲ್ಲ; ರಸ್ತೆ ಅಗೆತದಲ್ಲಿ ಫೈಬರ್ ತುಂಡಾದ ದಿನವೂ ಅದು ಅಷ್ಟೇ ವೇಗದಲ್ಲಿ ಸಾಗುತ್ತದೆ. ಆದರೂ ಕಾಪಿ ತೆವಳತೊಡಗಿದರೆ ಜನ ಮೊದಲು ಕೇಬಲ್‌ವಾಲಾನಿಗೆ ಫೋನ್ ಮಾಡುತ್ತಾರೆ, ಆಮೇಲೆ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುತ್ತಾರೆ. ಎರಡೂ ದಂಡ. ದೋಷ ಇರುವುದು ಮನೆಯೊಳಗೆ. ಎಲ್ಲಿದೆ ಎಂಬುದನ್ನು ಕಾಪಿಯಾಗುವಾಗ ಪರದೆಯ ಮೇಲೆ ಕಾಣುವ ಅಂಕಿಯೇ ಬಹುತೇಕ ಹೇಳಿಬಿಡುತ್ತದೆ.

ಅಂಕಿಯ ಲೆಕ್ಕ

ಇಂಟರ್ನೆಟ್ ಕಂಪನಿಗಳು, ರೌಟರ್ ಮಾರುವವರು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಕಂಪ್ಯೂಟರ್ ಕಾಪಿಯ ವೇಗವನ್ನು ಬೈಟ್‌ಗಳಲ್ಲಿ ತೋರಿಸುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಹೋಗಬಹುದು. ದತ್ತಾಂಶದ ಜೊತೆ ಸಾಗುವ ವಿಳಾಸ, ತಪಾಸಣೆಗಳ ಖರ್ಚು ಕಳೆದು ಕೈಗೆ ಸಿಗುವುದು 11ರಿಂದ 12. ಗಿಗಾಬಿಟ್ ಸಂಪರ್ಕದಲ್ಲಿ ಇದೇ ಲೆಕ್ಕ 110ರ ಆಸುಪಾಸಿಗೆ ಬರುತ್ತದೆ.

ವ್ಯತ್ಯಾಸ ಅರಿವಾಗುವುದು ದೊಡ್ಡ ಫೈಲ್‌ಗಳಲ್ಲಿ. ಡೊಂಬಿವಲಿಯ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘದಂಥ ಸಂಸ್ಥೆಗಳಿರುವ ಈ ಊರುಗಳಲ್ಲಿ ಯಕ್ಷಗಾನ, ತಾಳಮದ್ದಳೆ, ವಾರ್ಷಿಕೋತ್ಸವಗಳಿಗೆ ಬರಗಾಲವಿಲ್ಲ. ಕ್ಯಾಮೆರಾ ಹಿಡಿದವರು ಎಡಿಟಿಂಗನ್ನು ಮನೆಯಲ್ಲೇ ಮಾಡಿಕೊಳ್ಳುವುದೂ ಸಾಮಾನ್ಯ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರೀಕರಣ ಒಂದು ಗಂಟೆ ನಡೆದರೆ 45 ಜಿಬಿ ಆಗುತ್ತದೆ. ಅದು ಗಿಗಾಬಿಟ್ ಕೇಬಲ್‌ನಲ್ಲಿ ಸುಮಾರು 7 ನಿಮಿಷದಲ್ಲಿ, 100 ಮೆಗಾಬಿಟ್ ಕೇಬಲ್‌ನಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಕಿಕ್ಕಿರಿದ ವೈ-ಫೈಯಲ್ಲಿ ಸೆಕೆಂಡಿಗೆ 4 ಮೆಗಾಬೈಟ್ ಸಿಕ್ಕರೆ ಮೂರು ಗಂಟೆ ದಾಟುತ್ತದೆ. ಮೂರು ಪ್ರಸಂಗಗಳ ಇರುಳು ಆಟವಾದರೆ ಹೇಳುವುದೇ ಬೇಡ.

ಇನ್ನು ಅಂಕಿಯನ್ನು ಓದುವ ಬಗೆ. ವೇಗದ ಗೆರೆ 11–12ಕ್ಕೆ ಅಂಟಿಕೊಂಡು ಅಲುಗಾಡದೆ ನಿಂತಿದ್ದರೆ ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್‌ನ ಕೊಂಡಿಯಿದೆ. ಇಷ್ಟು ಖಚಿತವಾಗಿ ಹೇಳಬಹುದಾದ ಲಕ್ಷಣ ಇನ್ನೊಂದಿಲ್ಲ. 3–5ರ ನಡುವೆ ಏರಿಳಿಯುತ್ತಿದ್ದರೆ 2.4 ಗಿಗಾಹರ್ಟ್ಸ್ ವೈ-ಫೈ ಮೇಲೆ ಅನುಮಾನ ಪಡಬೇಕು. 30–40ಕ್ಕೆ ನಿಂತರೆ ಯುಎಸ್‌ಬಿ 2.0 ಪೋರ್ಟ್ ಇಲ್ಲವೆ ಅದರ ಹಳೆಯ ವಯರು. ಮೊದಮೊದಲು 110ರಲ್ಲಿ ಓಡಿ, ಕೆಲವು ಜಿಬಿ ಆದಮೇಲೆ 20–30ಕ್ಕೆ ಕುಸಿದರೆ ಜಾಲ ಸರಿಯಿದೆ, ಡಿಸ್ಕ್ ಸೋತಿದೆ.

ಮನೆಗೆ ವಯರು ಬಂದ ಬಗೆ

ಈ ಊರುಗಳ ಮನೆಜಾಲಗಳಲ್ಲಿ ಹಳೆಯದೂ ಹೊಸದೂ ಬೆರೆತಿರುವುದಕ್ಕೆ ಕಾರಣವಿದೆ. ಟೆಲಿಫೋನ್ ವ್ಯವಸ್ಥೆಯಲ್ಲಿ ಥಾಣೆ, ನವಿಮುಂಬಯಿಗಳು ಎಂಟಿಎನ್‌ಎಲ್‌ಗೆ ಸೇರಿದ್ದವು, ಕಲ್ಯಾಣ-ಡೊಂಬಿವಲಿ ಬಿಎಸ್‌ಎನ್‌ಎಲ್‌ಗೆ. 2005ರ ಜನವರಿಯಲ್ಲಿ ಎರಡೂ ಸಂಸ್ಥೆಗಳು ಟ್ರೈಬ್ಯಾಂಡ್, ಡೇಟಾವನ್ ಹೆಸರುಗಳಲ್ಲಿ ಬ್ರಾಡ್‌ಬ್ಯಾಂಡ್ ತಂದವು. ಅದರ ಜೊತೆಜೊತೆಗೆ ಟಿವಿ ಕೇಬಲ್‌ನವರೂ ಟೆರೇಸಿನಿಂದ ಟೆರೇಸಿಗೆ ನೆಟ್‌ವರ್ಕ್ ಕೇಬಲ್ ಎಳೆದು, ನೀರಿನ ಟ್ಯಾಂಕಿನ ಪಕ್ಕ ಡಬ್ಬಿಯಲ್ಲಿ ಸ್ವಿಚ್ ಕೂರಿಸಿ, ಕಿಟಕಿಯ ಗ್ರಿಲ್ ಮೂಲಕ ಮನೆಯೊಳಗೆ ಇಳಿಸಿದರು. ಆಮೇಲೆ ಫೈಬರ್ ಬಂತು. ಬಾಗಿಲ ತನಕದ ದಾರಿ ಗಾಜಿನ ಎಳೆಯದಾಯಿತು, ಮನೆಯೊಳಗಿನ ಬಿಳಿ ವಯರು ಮಾತ್ರ ಎಷ್ಟೋ ಕಡೆ ಬಣ್ಣ ಬಳಿದ ಗೋಡೆಯ ಕೆಳಗೆ ಹಾಗೇ ಉಳಿಯಿತು. ಐರೋಲಿ, ಮಹಾಪೆ, ಪನ್ವೇಲ್‌ಗಳಲ್ಲಿ ದೇಶದ ದೊಡ್ಡ ಡೇಟಾ ಸೆಂಟರ್‌ಗಳಿವೆ. ಪನ್ವೇಲ್‌ನ ಯೊಟ್ಟಾ ಕೇಂದ್ರ 2020ರ ಜುಲೈನಲ್ಲಿ ಶುರುವಾಯಿತು. ಅದರ ಪಕ್ಕದ ಬಡಾವಣೆಯ ಫ್ಲ್ಯಾಟಿನಲ್ಲಿ ಮದುವೆಯ ಫೋಟೊ ಹತ್ತಡಿ ದಾಟಲು ಅರ್ಧ ತಾಸು ತೆಗೆದುಕೊಳ್ಳುವುದಕ್ಕೆ ಆ ಬಿಳಿ ವಯರೇ ಕಾರಣವಾಗಿರಬಹುದು.

ಕೇಬಲ್

ನೆಟ್‌ವರ್ಕ್ ಕೇಬಲ್‌ನಲ್ಲಿ ಹೊಸೆದ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಪ್ಲಗ್ಗಿನ 1, 2, 3, 6ನೇ ಪಿನ್‌ಗಳು ಮುಟ್ಟಿದರೆ ಕೆಲಸ ನಡೆಯುತ್ತದೆ. 1999ರಲ್ಲಿ ಮಾನಕವಾದ ತಾಮ್ರದ ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಹಳೆಯ ಕಾಲದ ಜೋಡಣೆಯಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿ ಉಳಿದ ನಾಲ್ಕನ್ನು ಕತ್ತರಿಸಿ ಬಿಡುವುದು, ಇಲ್ಲವೆ ಅವನ್ನು ಟೆರೇಸಿನ ಸ್ವಿಚ್ಚಿಗೆ ಕರೆಂಟ್ ಕೊಡಲು ಬಳಸುವುದು ರೂಢಿಯಲ್ಲಿತ್ತು. ಆಗ ಅದು ತಪ್ಪೂ ಆಗಿರಲಿಲ್ಲ, 256 ಕಿಲೊಬಿಟ್‌ನ ಪ್ಲಾನಿಗೆ ಎರಡು ಜೋಡಿ ಧಾರಾಳವಾಯಿತು. ಇಂದು ಅದೇ ವಯರಿಗೆ ಗಿಗಾಬಿಟ್ ರೌಟರ್ ಸಿಕ್ಕಿಸಿದರೆ ಎರಡು ತುದಿಗಳೂ ಸದ್ದಿಲ್ಲದೆ 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ಯಾವ ದೂರೂ ಪರದೆಯ ಮೇಲೆ ಬರುವುದಿಲ್ಲ.

ಪರೀಕ್ಷೆ ಕಣ್ಣಿನಿಂದಲೇ ಆಗುತ್ತದೆ. ಪ್ಲಗ್ಗನ್ನು ಹೊರತೆಗೆದು, ಕೊಂಡಿಯಿರುವ ಬದಿ ಕೆಳಗೆ ಮಾಡಿ ಬೆಳಕಿಗೆ ಹಿಡಿದರೆ, ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮ ಕಾಣಬೇಕು. ಎಂಟೂ ತುದಿಗಳು ಮುಂದಿನ ಗೋಡೆಗೆ ತಾಗಿರಬೇಕು. ಒಂದೇ ಒಂದು ಒಳಗೆಳೆದುಕೊಂಡಿದ್ದರೂ ಗಿಗಾಬಿಟ್ ಇಲ್ಲ. ಖಾಡಿಯ ಉಪ್ಪು ಗಾಳಿಯೂ ನಾಲ್ಕು ತಿಂಗಳ ಮಳೆಗಾಲದ ತೇವವೂ ಸೇರಿ ಪಿನ್‌ಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಉಜ್ಜುತ್ತ ಕೂರುವುದಕ್ಕಿಂತ ಪ್ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸುವುದು ಅಗ್ಗ. ವಿಂಡೋಸ್‌ನ ಈಥರ್ನೆಟ್ ವಿವರಗಳಲ್ಲಿ ಲಿಂಕ್ ಸ್ಪೀಡ್ 1000/1000 ಎಂದು ಬಂದರೆ ವಯರಿನ ವಿಚಾರಣೆ ಮುಗಿಯಿತು.

ಹೊಸ ವಯರು ಕೊಳ್ಳುವಾಗಲೂ ಎಚ್ಚರ ಬೇಕು. ಗ್ರ್ಯಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರೋಡಿನಿಂದ ಹಿಡಿದು ಡೊಂಬಿವಲಿ ಪೂರ್ವದ ಸಣ್ಣ ಅಂಗಡಿಯ ತನಕ, ಕ್ಯಾಟ್ 6 ಎಂದು ಅಚ್ಚು ಹಾಕಿದ ಎರಡು ಜಾತಿಯ ವಯರು ಸಿಗುತ್ತದೆ. ಒಂದು ಅಪ್ಪಟ ತಾಮ್ರ, ಇನ್ನೊಂದು ತಾಮ್ರದ ಲೇಪ ಹಚ್ಚಿದ ಅಲ್ಯುಮಿನಿಯಂ. ಎರಡನೆಯದಕ್ಕೆ ರೋಧ ಹೆಚ್ಚು, ಬಾಗಿಸಿದರೆ ಒಳಗೇ ಮುರಿಯುವ ಗುಣವೂ ಉಂಟು. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅಲ್ಯುಮಿನಿಯಂ. ಕ್ಯಾಟ್ 5ಇ ತಾಮ್ರದ ವಯರು 100 ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. ಒಂದು ಫ್ಲ್ಯಾಟಿಗೆ ಅದಕ್ಕಿಂತ ದುಬಾರಿಯದು ಬೇಕಿಲ್ಲ.

ವಯರು ಸರಿಯಿದ್ದೂ 11ಕ್ಕೇ ನಿಂತರೆ ಫೈಬರ್ ಕಂಪನಿ ಕೊಟ್ಟ ಒಎನ್‌ಟಿ ಡಬ್ಬಿಯ ಹಿಂಭಾಗ ನೋಡಬೇಕು. ಅಗ್ಗದ ಡಬ್ಬಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ಟಿನದು, ಉಳಿದವು 100 ಮೆಗಾಬಿಟ್‌ನವು. ಎರಡೂ ಕಂಪ್ಯೂಟರ್‌ಗಳನ್ನು ಅದಕ್ಕೆ ಸಿಕ್ಕಿಸುವ ಬದಲು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ಚಿಗೆ ಸಿಕ್ಕಿಸಿ, ಸ್ವಿಚ್ಚಿನಿಂದ ಒಂದು ವಯರು ಡಬ್ಬಿಗೆ ಕೊಟ್ಟರೆ ಮನೆಯ ಫೈಲ್‌ಗಳು ಡಬ್ಬಿಯ ಹಂಗಿಲ್ಲದೆ ಓಡಾಡುತ್ತವೆ. ಈ ಲೇಖನದಲ್ಲಿ ಹೇಳಿದ ಉಪಾಯಗಳಲ್ಲಿ ಖರ್ಚಿಗೆ ತಕ್ಕ ಫಲ ಇದರಷ್ಟು ಕೊಡುವುದು ಬೇರೆಯಿಲ್ಲ.

ವೈ-ಫೈ

ವೈ-ಫೈಯಲ್ಲಿ ಒಂದು ಚಾನೆಲ್‌ನ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಕಳಿಸುವ ಲ್ಯಾಪ್‌ಟಾಪೂ ಪಡೆಯುವ ಲ್ಯಾಪ್‌ಟಾಪೂ ವೈ-ಫೈಯಲ್ಲೇ ಇದ್ದರೆ ಪ್ರತಿ ಪ್ಯಾಕೆಟ್ ಒಮ್ಮೆ ರೌಟರ್‌ಗೆ, ಮತ್ತೊಮ್ಮೆ ರೌಟರ್‌ನಿಂದ, ಹೀಗೆ ಎರಡು ಸಲ ಗಾಳಿಯಲ್ಲಿ ಹೋಗಬೇಕು. ವೇಗ ಅಲ್ಲೇ ಅರ್ಧವಾಯಿತು. ನಡುವೆ ವೈರ್‌ಲೆಸ್ ರಿಪೀಟರ್ ಇದ್ದರೆ ಇನ್ನೂ ಇಳಿಯುತ್ತದೆ. ಎರಡರಲ್ಲಿ ಒಂದು ಕಂಪ್ಯೂಟರನ್ನಾದರೂ ಕೇಬಲ್‌ಗೆ ಹಾಕಿದರೆ ಬೇರೇನೂ ಮಾಡದೆ ವೇಗ ಸುಮಾರು ಇಮ್ಮಡಿಯಾಗುತ್ತದೆ.

ನಾಲ್ಕು ಊರುಗಳ ನಿಜವಾದ ಕಷ್ಟ ಅಕ್ಕಪಕ್ಕದವರದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒಂದು ಮಹಡಿಯಲ್ಲಿ ನಾಲ್ಕು ಫ್ಲ್ಯಾಟ್, ಮೇಲೆ ನಾಲ್ಕು, ಕೆಳಗೆ ನಾಲ್ಕು, ಎದುರಿನ ವಿಂಗ್ ಬೇರೆ. ಹಾಲ್‌ನಲ್ಲಿ ಕುಳಿತು ಫೋನಿನಲ್ಲಿ ಹುಡುಕಿದರೆ ಹೆಸರುಗಳ ಪಟ್ಟಿ ಪರದೆ ಮೀರುತ್ತದೆ. ಇಷ್ಟೂ ಡಬ್ಬಿಗಳು ಮೂರು ಚಾನೆಲ್‌ಗಳಲ್ಲಿ ಸರದಿ ಕಾಯುತ್ತವೆ. ಸಂಜೆ ಎಂಟರ 'ಕರ್ಜತ್ ಫಾಸ್ಟ್' ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತವರಂತೆ, ಎಲ್ಲರಿಗೂ ದಾರಿ ಒಂದೇ. ಇದಕ್ಕೊಂದು ಸ್ಥಳೀಯ ತಿರುವೂ ಇದೆ. ಹಲವು ಅಗ್ಗದ ರೌಟರ್‌ಗಳು ಚಾನೆಲ್ ಆರಿಸಿಕೊಳ್ಳುವುದು ಆನ್ ಆಗುವಾಗ ಮಾತ್ರ. ವಿದ್ಯುತ್ ಕಂಪನಿ ಮಹಾವಿತರಣದ ದುರಸ್ತಿ ಮುಗಿದು ಕರೆಂಟ್ ಬಂದೊಡನೆ ಇಡೀ ಬಿಲ್ಡಿಂಗ್‌ನ ರೌಟರ್‌ಗಳು ಒಟ್ಟಿಗೆ ಎಚ್ಚರವಾಗಿ, ಗಾಳಿ ಖಾಲಿಯಿದೆಯೆಂದು ನಂಬಿ, ಒಂದೇ ಚಾನೆಲ್ ಹಿಡಿಯಬಹುದು. ಬೆಳಗ್ಗೆ ಸರಿಯಿದ್ದ ವೇಗ ಮಧ್ಯಾಹ್ನ ಕುಸಿದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ರೌಟರನ್ನು ಮತ್ತೆ ಆಫ್-ಆನ್ ಮಾಡಿದಾಗ ಸರಿಯಾಗುವುದು ಇದರಿಂದಲೇ.

5 ಗಿಗಾಹರ್ಟ್ಸ್‌ಗೆ ಹೋದರೆ ಉಸಿರಾಡಲು ಜಾಗ ಸಿಗುತ್ತದೆ. ಭಾರತದಲ್ಲಿ ಈ ಪಟ್ಟಿಯ ದೊಡ್ಡ ಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಅನುಮತಿ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಆದರೆ ಇದರ ಅಲೆಗಳು ಗೋಡೆ ದಾಟುವಲ್ಲಿ ದುರ್ಬಲ. ಕಾಂಕ್ರೀಟ್ ಕಂಬ, ಕಬ್ಬಿಣದ ಕಪಾಟು, ಅಡಿಗೆಮನೆಯ ಫ್ರಿಜ್ ಅಡ್ಡ ಬಂದರೆ ಲ್ಯಾಪ್‌ಟಾಪ್ ತಾನಾಗಿ 2.4ಕ್ಕೆ ಜಾರುತ್ತದೆ, ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟಿದ್ದರೆ ಜಾರಿದ್ದು ಗೊತ್ತೂ ಆಗುವುದಿಲ್ಲ. ಎರಡಕ್ಕೂ ಬೇರೆಬೇರೆ ಹೆಸರಿಡುವುದು ಮೊದಲ ಮದ್ದು. ಎರಡನೆಯದು, ಬಾಗಿಲ ಮೇಲಿನ ಅಟ್ಟದಲ್ಲಿ ಸೂಟ್‌ಕೇಸುಗಳ ಹಿಂದೆ ಅಡಗಿಸಿದ ಡಬ್ಬಿಯನ್ನು ಹೊರಗೆ ತಂದಿಡುವುದು.

ಒಂದೇ ಮನೆ, ಎರಡು ಜಾಲ

ಆಪರೇಟರ್‌ನ ಡಬ್ಬಿಯೂ ವೈ-ಫೈ ಕೊಡುತ್ತದೆ, ಮನೆಯವರು ಕೊಂಡ ರೌಟರೂ ಕೊಡುತ್ತದೆ. ಒಂದು ಕಂಪ್ಯೂಟರ್ ಅದಕ್ಕೆ, ಇನ್ನೊಂದು ಇದಕ್ಕೆ ಸೇರಿದ್ದರೆ ಅವು ಬೇರೆಬೇರೆ ಜಾಲಗಳಲ್ಲಿರುತ್ತವೆ; ಒಂದಕ್ಕೊಂದು ಕಾಣುವುದಿಲ್ಲ, ಕಂಡರೂ ಸುತ್ತುದಾರಿ. ಮನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರೆ ಎರಡೂ ಒಂದೇ ಜಾಲಕ್ಕೆ ಬರುತ್ತವೆ. ಗೆಸ್ಟ್ ವೈ-ಫೈಗೆ ಸೇರಿದ ಕಂಪ್ಯೂಟರ್‌ಗಳನ್ನು ರೌಟರೇ ಪರಸ್ಪರ ಬೇರ್ಪಡಿಸಿರುತ್ತದೆ.

2020ರ ಲಾಕ್‌ಡೌನ್ ನಂತರ ಘನ್ಸೋಲಿ, ಐರೋಲಿಗಳ ಐಟಿ ಕಚೇರಿಗಳ ಲ್ಯಾಪ್‌ಟಾಪ್‌ಗಳು ಮನೆಗೆ ಬಂದು ನೆಲೆಸಿದವು. ಅವುಗಳಲ್ಲಿ ವಿಪಿಎನ್ ಚಾಲೂ ಇರುವಾಗ ಮನೆಯ ಬೇರೆ ಕಂಪ್ಯೂಟರ್‌ಗಳ ದಾರಿ ಮುಚ್ಚಿರುವುದು ಸಾಮಾನ್ಯ. ಅದು ಕೆಟ್ಟದ್ದಲ್ಲ, ಕಂಪನಿ ಬೇಕೆಂದೇ ಹಾಕಿದ ಬೇಲಿ, ರಿಪೇರಿಗೆ ಹೋಗಬಾರದು.

ತಂತ್ರಾಂಶ ಮತ್ತು ಡಿಸ್ಕ್

ವಿಂಡೋಸ್‌ನ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ನಿಯಮಾವಳಿಯ ಮೇಲೆ. ಅದನ್ನು 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದರು. ಅದರ ಮೊದಲ ಆವೃತ್ತಿ ಪ್ರತಿ ತುಣುಕಿಗೂ ಪ್ರಶ್ನೋತ್ತರ ಮಾಡುವ ಜಾತಿಯದು. ವಿಂಡೋಸ್ ವಿಸ್ತಾ ಜೊತೆ ಬಂದ ಎರಡನೆಯ ಆವೃತ್ತಿ ಈ ಮಾತುಕತೆಯನ್ನು ಬಹಳ ಕಡಿಮೆ ಮಾಡಿತು, 2012ರಲ್ಲಿ ವಿಂಡೋಸ್ 8 ಜೊತೆ ಮೂರನೆಯದು ಬಂತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಮೊದಲ ಆವೃತ್ತಿಯ ಬಿರುಕಿನಿಂದ. ಅದೇ ವರ್ಷದ ಕೊನೆಗೆ ವಿಂಡೋಸ್ 10 ಹೊಸ ಜೋಡಣೆಗಳಲ್ಲಿ ಅದನ್ನು ಕೈಬಿಟ್ಟಿತು. ಎಕ್ಸ್‌ಪಿ ಇರುವ ಹಳೆಯ ಡಿಟಿಪಿ ಕಂಪ್ಯೂಟರ್‌ಗೆ ತಿಳಿದಿರುವುದು ಆ ಒಂದೇ ಆವೃತ್ತಿ. ಅದಕ್ಕಾಗಿ ಉಳಿದ ಕಂಪ್ಯೂಟರ್‌ಗಳಲ್ಲಿ ಹಳೆಯ ಬಾಗಿಲು ತೆರೆಯುವುದಕ್ಕಿಂತ ಫೈಲ್‌ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯುವುದು ಲೇಸು. 2024ರ ವಿಂಡೋಸ್ 11ರ 24ಎಚ್2 ಬಿಡುಗಡೆಯಿಂದ ಪ್ರೊ ಆವೃತ್ತಿಯಲ್ಲಿ ಎಸ್‌ಎಂಬಿಯ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕಡ್ಡಾಯ. ಹೊಸ ಕಂಪ್ಯೂಟರ್‌ಗಳಿಗೆ ಇದು ಭಾರವಲ್ಲ, ರೌಟರ್‌ನ ಯುಎಸ್‌ಬಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನ ಮುಂದೆ ಮಾತ್ರ ವೇಗ ಇಳಿಯಬಹುದು, ಸಂಪರ್ಕವೇ ಆಗದಿರಲೂಬಹುದು. ಸಹಿಯಿಲ್ಲದಿದ್ದರೂ ಆ ರೌಟರ್‌ನ ಪ್ರೊಸೆಸರ್ ಬಡಕಲು, ಅದರಿಂದ ಕೇಬಲ್‌ನ ಪೂರ್ಣ ವೇಗ ನಿರೀಕ್ಷಿಸಬಾರದು.

ಸಾವಿರಾರು ಚಿಕ್ಕ ಫೈಲ್‌ಗಳಿದ್ದರೆ ಪ್ರತಿಯೊಂದಕ್ಕೂ ತೆರೆಯುವ, ಮುಚ್ಚುವ, ಆಂಟಿವೈರಸ್ ತಪಾಸಿಸುವ ಶಾಸ್ತ್ರ ನಡೆಯುತ್ತದೆ. ಅವನ್ನು ಒಂದೇ ಜಿಪ್ ಮಾಡಿ ಕಳಿಸಬೇಕು, ಇಲ್ಲವೆ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿಯನ್ನು ಎಂಟಿ (/MT) ಆಯ್ಕೆಯೊಂದಿಗೆ ಓಡಿಸಬೇಕು; ಆಗ ಎಂಟು ಫೈಲ್‌ಗಳು ಏಕಕಾಲಕ್ಕೆ ಸಾಗುತ್ತವೆ.

ಡಿಸ್ಕ್ ತಪ್ಪೋ ಜಾಲ ತಪ್ಪೋ ಎಂಬ ಜಗಳವನ್ನು ಐಪರ್ಫ್3 ಎಂಬ ಉಚಿತ ತಂತ್ರಾಂಶ ಬಗೆಹರಿಸುತ್ತದೆ. ಅದು ಡಿಸ್ಕನ್ನು ಮುಟ್ಟದೆ, ಎರಡು ಕಂಪ್ಯೂಟರ್‌ಗಳ ಮೆಮೊರಿಗಳ ನಡುವೆಯೇ ದತ್ತಾಂಶ ಹರಿಸಿ ವೇಗ ಅಳೆಯುತ್ತದೆ. 940 ಮೆಗಾಬಿಟ್‌ನ ಸುತ್ತ ಬಂದರೆ ಕೇಬಲ್, ಸ್ವಿಚ್, ಪೋರ್ಟ್ ಎಲ್ಲವೂ ನಿರ್ದೋಷಿಗಳು. 94ರ ಸುತ್ತ ಬಂದರೆ ಮತ್ತೆ ಆ ಎಂಟು ತಂತಿಗಳನ್ನು ಎಣಿಸಬೇಕು.

ಕನ್ನಡದಲ್ಲಿ ಫೈಲ್‌ಗೆ ಹೆಸರಿಡುವವರಿಗೆ ಒಂದು ಮಾತು. ಲಿನಕ್ಸ್ ಆಧಾರಿತ ಹಲವು ಸಂಗ್ರಹ ಪೆಟ್ಟಿಗೆಗಳಲ್ಲಿ ಹೆಸರಿನ ಮಿತಿ 255 ಬೈಟ್. ಯೂನಿಕೋಡ್ ಕನ್ನಡದ ಪ್ರತಿ ಚಿಹ್ನೆ ಅಲ್ಲಿ 3 ಬೈಟ್ ತಿನ್ನುತ್ತದೆ, ಒತ್ತು-ಗುಣಿತಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಒಟ್ಟು 85 ಚಿಹ್ನೆ ದಾಟಿದರೆ ಕಾಪಿ ಅಲ್ಲೇ ನಿಲ್ಲುತ್ತದೆ. ಪ್ರಸಂಗ, ಭಾಗವತರು, ಮೇಳ, ಸ್ಥಳ, ತಾರೀಖು ಎಲ್ಲವನ್ನೂ ಹೆಸರಲ್ಲೇ ತುಂಬುವವರಿಗೆ ಈ ಅಡ್ಡಿ ಬೇಗ ಎದುರಾಗುತ್ತದೆ.

ಒಮ್ಮೆ ಮಾತ್ರ ದೊಡ್ಡ ಸಾಗಣೆಯಿದ್ದರೆ ರೌಟರ್‌ನ ಗೊಡವೆಯೇ ಬೇಡ. ಎರಡು ಕಂಪ್ಯೂಟರ್‌ಗಳನ್ನು ಒಂದೇ ಕೇಬಲ್‌ನಿಂದ ನೇರವಾಗಿ ಜೋಡಿಸಬಹುದು. ಗಿಗಾಬಿಟ್ ಪೋರ್ಟ್‌ಗಳಿಗೆ ಹಿಂದಿನಂತೆ ಕ್ರಾಸ್ ಕೇಬಲ್ ಬೇಕಾಗುವುದಿಲ್ಲ. ಎರಡೂ ತಮ್ಮಷ್ಟಕ್ಕೆ 169.254ರಿಂದ ಶುರುವಾಗುವ ವಿಳಾಸ ಪಡೆದುಕೊಂಡು ಒಂದನ್ನೊಂದು ಗುರುತಿಸುತ್ತವೆ. ಆ ಹೊತ್ತಿಗೆ ವೈ-ಫೈ ಆಫ್ ಮಾಡಿರಬೇಕು, ಇಲ್ಲದಿದ್ದರೆ ಫೈಲ್ ಆ ದಾರಿ ಹಿಡಿಯಬಹುದು.