ಗೋಡೆಯೊಳಗಿನ ಜೇನು

ಮನೆಯ ಗೋಡೆಯೊಳಗೆ ಜೇನು ಸೇರಿಕೊಂಡಿತೆಂದರೆ ಮನೆಯವರ ಮುಂದೆ ಎರಡು ದಾರಿಗಳು ಕಾಣುತ್ತವೆ. ಪಂಜು ಹಿಡಿದು ಸುಡುವುದು, ಇಲ್ಲವೆ ವಿಷದ ಮದ್ದು ಸಿಂಪಡಿಸಿ ಕೊಲ್ಲುವುದು ಒಂದು ದಾರಿ. ನೊಣಗಳಿಗೂ ಮನೆಯವರಿಗೂ ಹಾನಿಯಾಗದಂತೆ ಇಡೀ ಸಂಸಾರವನ್ನು ಬಿಡಿಸಿ ಬೇರೊಂದೆಡೆಗೆ ಸಾಗಿಸುವುದು ಮತ್ತೊಂದು ದಾರಿ. ಮೊದಲನೆಯದು ಅರೆಗಳಿಗೆಯ ಕೆಲಸ. ಎರಡನೆಯದಕ್ಕೆ ಒಂದು ಹಗಲು ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತಿಳಿವಳಿಕೆ ಬೇಕು. ಈ ತಿಳಿವಳಿಕೆ ಮನುಷ್ಯನಿಗೆ ಒಂದು ದಿನದಲ್ಲಿ ಬಂದುದಲ್ಲ. ಒಂದೇ ದೇಶದಲ್ಲಿ ಹುಟ್ಟಿದುದೂ ಅಲ್ಲ. ಋಷಿಗಳು, ರೈತರು, ಪಾದ್ರಿಗಳು, ಕಣ್ಣಿಲ್ಲದ ಒಬ್ಬ ವಿಜ್ಞಾನಿ, ಇವರೆಲ್ಲರ ಪಾಲು ಅದರಲ್ಲಿದೆ. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಮೊದಲು ಗೋಡೆಯನ್ನು ಸೇರುವ ಜೇನು ಯಾವುದೆಂಬುದನ್ನು ತಿಳಿಯಬೇಕು. ನಮ್ಮ ನಾಡಿನ ಜನ ಜೇನಿನ ಜಾತಿಗಳನ್ನು ಬಲು ಹಿಂದಿನಿಂದಲೇ ಬೇರೆ ಬೇರೆಯಾಗಿ ಗುರುತಿಸಿ ಹೆಸರಿಟ್ಟಿದ್ದಾರೆ. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ದೊಡ್ಡ ಹುಟ್ಟನ್ನು ತೂಗುಬಿಡುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವುದು ಕೋಲುಜೇನು. ಈ ಎರಡೂ ಬಯಲಲ್ಲಿ ಬಾಳುವಂಥವು. ಕತ್ತಲೆಯ ಪೊಟರೆ ಇವಕ್ಕೆ ಒಗ್ಗದು. ಕುಟುಕದ ಪುಟ್ಟ ಮುಜಂಟಿ ಗೋಡೆಯ ಸಣ್ಣ ಸಂದಿನಲ್ಲಿ ಇರುವುದುಂಟು. ಅದರಿಂದ ಯಾರಿಗೂ ಬಾಧೆಯಿಲ್ಲ. ಉಳಿದುದು ತುಡುವೆ ಜೇನು. ಮರದ ಪೊಟರೆ, ಹುತ್ತದ ಒಡಲು, ಕಲ್ಲಿನ ಬಿರುಕು ಇವು ತುಡುವೆಯ ಸಹಜವಾದ ಮನೆಗಳು. ಒಂದರ ಪಕ್ಕದಲ್ಲಿ ಒಂದರಂತೆ ಏಳೆಂಟು ಹುಟ್ಟುಗಳನ್ನು ಸಮಾನಾಂತರವಾಗಿ ಕಟ್ಟುವುದು ಅದರ ರೀತಿ. ಒಳಗೆ ಟೊಳ್ಳಾದ ಗೋಡೆಗೂ ಟೊಳ್ಳಾದ ಮರಕ್ಕೂ ತುಡುವೆಯ ದೃಷ್ಟಿಯಲ್ಲಿ ಭೇದವಿಲ್ಲ. ಹೊರಗೆ ಬೆರಳು ತೂರುವಷ್ಟು ಬಾಗಿಲು, ಒಳಗೆ ಕತ್ತಲೆ, ಮಳೆಗಾಳಿಗಳಿಂದ ಮರೆ, ಇಷ್ಟಿದ್ದರೆ ಸಾಕು. ಆದುದರಿಂದ ಜೇನು ನಮ್ಮ ಮನೆಗೆ ಅತಿಕ್ರಮವಾಗಿ ನುಗ್ಗಿತೆಂದು ಹೇಳುವುದಕ್ಕಿಂತ, ನಾವು ಅರಿಯದೆಯೇ ಅದಕ್ಕೊಂದು ಪೊಟರೆಯನ್ನು ಕಟ್ಟಿಕೊಟ್ಟೆವೆಂದು ಹೇಳುವುದು ಹೆಚ್ಚು ಸರಿ.

ಮನೆಯಲ್ಲಿ ಜೇನು ಕಟ್ಟಿದರೆ ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಪ್ರಾಚೀನರಿಗೂ ಎದುರಾಗಿತ್ತು. ಶಾಂಖಾಯನ ಗೃಹ್ಯಸೂತ್ರದ ಐದನೆಯ ಅಧ್ಯಾಯದಲ್ಲಿ ಇದಕ್ಕೆಂದೇ ಒಂದು ವಿಧಿಯಿದೆ. ಗೃಹಸ್ಥನು ಉಪವಾಸವಿದ್ದು, 108 ಅತ್ತಿಯ ಸಮಿತ್ತುಗಳನ್ನು ಮೊಸರು, ಜೇನು, ತುಪ್ಪಗಳಲ್ಲಿ ಅದ್ದಿ ಹೋಮಮಾಡಬೇಕೆಂಬುದು ಅದರ ಸಾರಾಂಶ. ಅಂದಿನವರಿಗೆ ಇದು ಶಾಂತಿಯನ್ನು ಬೇಡುವ ಉತ್ಪಾತವಾಗಿತ್ತು. ಆದರೆ ಓದುಗರು ಒಂದು ಸ್ವಾರಸ್ಯವನ್ನು ಗಮನಿಸಬೇಕು. ಜೇನು ಬಂದುದರ ಶಾಂತಿಗೂ ಜೇನೇ ಬೇಕು! ಜೇನನ್ನು ಬಿಟ್ಟು ಬಾಳುವುದು ಆ ಗೃಹಸ್ಥನಿಗೆ ಆಗದ ಮಾತಾಗಿತ್ತು.

ಭಯದ ಜೊತೆಯಲ್ಲಿ ಸೂಕ್ಷ್ಮವಾದ ಅವಲೋಕನವೂ ಅವರಲ್ಲಿತ್ತು. ಪ್ರಶ್ನೋಪನಿಷತ್ತಿನ ಎರಡನೆಯ ಪ್ರಶ್ನದಲ್ಲಿ ಪ್ರಾಣದ ಹಿರಿಮೆಯನ್ನು ತಿಳಿಸಲು ಜೇನಿನ ದೃಷ್ಟಾಂತವನ್ನು ಕೊಟ್ಟಿದೆ. ಜೇನಿನ ರಾಜನು ಎದ್ದರೆ ನೊಣಗಳೆಲ್ಲ ಏಳುತ್ತವೆ, ಅವನು ನೆಲೆನಿಂತರೆ ಎಲ್ಲವೂ ನೆಲೆನಿಲ್ಲುತ್ತವೆ. ಪ್ರಾಣಕ್ಕೂ ಇಂದ್ರಿಯಗಳಿಗೂ ಇರುವ ಸಂಬಂಧ ಅಂಥದು ಎಂಬುದು ಅಲ್ಲಿಯ ತಾತ್ಪರ್ಯ. ಋಷಿಯ ಉದ್ದೇಶ ಜೇನುಸಾಕಣೆಯನ್ನು ಕಲಿಸುವುದಾಗಿರಲಿಲ್ಲ. ಆದರೂ ಗೋಡೆಯಿಂದ ಜೇನು ಬಿಡಿಸುವವನು ಕಲಿಯಬೇಕಾದ ಮೊದಲನೆಯ ಪಾಠ ಇದೇ ಆಗಿದೆ. ಅದು ರಾಜನಲ್ಲ, ರಾಣಿ ಎಂಬುದಷ್ಟೇ ತಿದ್ದುಪಡಿ. ಇನ್ನು ವೈದ್ಯರ ಮಾತು ಬೇರೆ. ಸುಶ್ರುತ ಸಂಹಿತೆಯು ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕ ಮೊದಲಾಗಿ ಜೇನುತುಪ್ಪದಲ್ಲಿ ಎಂಟು ಬಗೆಗಳನ್ನು ಹೇಳುತ್ತದೆ. ನೊಣಗಳ ಭೇದವನ್ನು ಬಲ್ಲವರಲ್ಲದೆ ಇಂಥ ವಿಂಗಡಣೆಯನ್ನು ಮಾಡಲಾರರು.

ಗೋಡೆಯಲ್ಲಿರುವ ಜೇನು ಯಾರದು? ಈ ಪ್ರಶ್ನೆಯನ್ನು ರೋಮನರು ನ್ಯಾಯಶಾಸ್ತ್ರದಲ್ಲಿಯೇ ಎತ್ತಿದರು. ಕ್ರಿ. ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಹೊರಡಿಸಿದ ಶಾಸನಪಾಠವು ಜೇನುನೊಣಗಳನ್ನು ಸ್ವಭಾವತಃ ಕಾಡುಜೀವಿಗಳೆಂದು ಎಣಿಸುತ್ತದೆ. ನಿಮ್ಮ ಮರದ ಮೇಲೆ ಜೇನು ಕುಳಿತ ಮಾತ್ರಕ್ಕೆ ಅದು ನಿಮ್ಮದಾಗದು. ನಿಮ್ಮ ಮರದಲ್ಲಿ ಗೂಡುಕಟ್ಟಿದ ಹಕ್ಕಿ ಹೇಗೆ ನಿಮ್ಮದಲ್ಲವೋ ಹಾಗೆ. ಗೂಡಿಗೆ ಹಾಕಿ ವಶಮಾಡಿಕೊಂಡಾಗಲೇ ಒಡೆತನ. ನಿಮ್ಮ ಗೂಡಿನಿಂದ ಎದ್ದುಹೋದ ಹಿಂಡು ನಿಮ್ಮ ಕಣ್ಣಿಗೆ ಕಾಣುತ್ತಿರುವವರೆಗೆ, ಬೆನ್ನಟ್ಟಿ ಹಿಡಿಯುವುದು ಸಾಧ್ಯವಿರುವವರೆಗೆ, ನಿಮ್ಮದು, ಆಮೇಲೆ ಹಿಡಿದವರದು.

ಆದರೆ ಒಡೆತನ ಬೇರೆ, ಕರುಣೆ ಬೇರೆ. ಇಂಗ್ಲೆಂಡಿನಲ್ಲಿ ಹಳೆಯ ತೋಟಗಳ ಗೋಡೆಗಳಲ್ಲಿ ಗೂಡುಗಳನ್ನು ಬಿಟ್ಟು ಕಟ್ಟಿ, ಹುಲ್ಲಿನಿಂದ ಹೆಣೆದ ಜೇನುಬುಟ್ಟಿಗಳನ್ನು ಅವುಗಳೊಳಗೆ ಇಡುತ್ತಿದ್ದರು. ಜೇನಿಗೆ ಆಶ್ರಯವೇನೋ ದೊರೆಯಿತು. ತುಪ್ಪ ತೆಗೆಯುವ ಕಾಲ ಬಂದಾಗ ನೆಲದಲ್ಲಿ ಕುಳಿ ತೋಡಿ, ಗಂಧಕ ಉರಿಸಿ, ಬುಟ್ಟಿಯನ್ನು ಅದರ ಮೇಲಿಟ್ಟು ಸಂಸಾರವನ್ನೆಲ್ಲ ಉಸಿರುಕಟ್ಟಿಸಿ ಕೊಲ್ಲುವುದು ಯೂರೋಪಿನ ಹಲವೆಡೆ ಹತ್ತೊಂಬತ್ತನೆಯ ಶತಮಾನದವರೆಗೂ ನಡೆದಿತ್ತು. ಹಣ್ಣಿಗಾಗಿ ಮರವನ್ನು ಕಡಿದಂತಲ್ಲವೇ ಇದು?

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಕಾಶ್ಮೀರದ ರೈತರನ್ನು ನೋಡಿರಿ. ಅವರು ಮನೆ ಕಟ್ಟುವಾಗಲೇ ಜೇನಿಗೆಂದು ಗೋಡೆಯಲ್ಲಿ ಉರುಟಾದ ಒಂದು ಕೊಳವೆಯನ್ನು ಬಿಟ್ಟು ಕಟ್ಟುತ್ತಿದ್ದರು. ಅದರ ಒಳಮೈಗೆ ಹೊಟ್ಟು ಬೆರೆಸಿದ ಮಣ್ಣಿನ ಮೆತ್ತೆ. ಮನೆಯ ಒಳಗಡೆಯ ಬಾಯಿಗೆ ಸುಟ್ಟ ಮಣ್ಣಿನ ಒಂದು ತಟ್ಟೆಯ ಮುಚ್ಚಳ. ಹೊರಗಡೆಯ ಬಾಯಿಗೂ ಅಂಥದೇ ತಟ್ಟೆ, ಅದರಲ್ಲಿ ನೊಣಗಳು ಓಡಾಡಲು ಒಂದು ಚಿಕ್ಕ ತೂತು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಎಂಬಾತನು 1822–23ರಲ್ಲಿ ಕಾಶ್ಮೀರದಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟನು. ಆತನು 1825ರಲ್ಲಿ ತೀರಿಕೊಂಡನು. ಆತನ ಪ್ರವಾಸ ವೃತ್ತಾಂತವು 1841ರಲ್ಲಿ ಅಚ್ಚಾಯಿತು. ರೈತನು ಒಳಗಡೆಯ ತಟ್ಟೆಯನ್ನು ಮೆಲ್ಲನೆ ಬಿಡಿಸಿ, ಕೆಂಡದ ಮೇಲೆ ಬತ್ತದ ಹುಲ್ಲನ್ನು ಹಿಡಿದು, ಅದರ ಹೊಗೆಯನ್ನು ಕೊಳವೆಯೊಳಕ್ಕೆ ಊದುತ್ತಿದ್ದನು. ನೊಣಗಳು ಹೊರಗಿನ ತೂತಿನತ್ತ ಸರಿಯುತ್ತಿದ್ದುವು. ಆಗ ಬೇಕಾದಷ್ಟು ಹುಟ್ಟನ್ನು ಕೊಯ್ದುಕೊಂಡು, ಚಳಿಗಾಲಕ್ಕೆಂದು ಅವುಗಳ ಪಾಲನ್ನು ಅಲ್ಲಿಯೇ ಬಿಟ್ಟು, ತಟ್ಟೆಯನ್ನು ಮತ್ತೆ ಮೆತ್ತುತ್ತಿದ್ದನು. ಹೀಗೆ ಒಂದೇ ಸಂಸಾರ ವರ್ಷ ವರ್ಷವೂ ಆ ಮನೆಯಲ್ಲಿ ಬಾಳುತ್ತಿತ್ತು. ಈ ಪದ್ಧತಿಯನ್ನು ಪರದೇಶದವನೇ ಮೆಚ್ಚಿ ಬರೆದುದು ಗಮನಾರ್ಹವಾಗಿದೆ. ನಮ್ಮಲ್ಲಿಯೂ ಕೊಡಗು ಮತ್ತು ದಕ್ಷಿಣ ಕನ್ನಡದ ಕಡೆ ಮಣ್ಣಿನ ಗಡಿಗೆಗಳಲ್ಲಿ, ಟೊಳ್ಳಾದ ಮರದ ತುಂಡುಗಳಲ್ಲಿ ತುಡುವೆಯನ್ನು ಕೂಡಿಸುವ ವಾಡಿಕೆಯಿತ್ತು.

ಕಾಶ್ಮೀರದ ರೈತನು ಜೇನನ್ನು ಇದ್ದಲ್ಲಿಯೇ ಉಳಿಸಿಕೊಂಡನು. ಅದನ್ನು ಹುಟ್ಟುಸಹಿತ ಎತ್ತಿ ಬೇರೆಡೆ ನೆಲೆಗೊಳಿಸಬೇಕಾದರೆ ಅದರ ಒಳಗುಟ್ಟು ತಿಳಿಯಬೇಕಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮನು ಸೂಕ್ಷ್ಮದರ್ಶಕದ ನೆರವಿನಿಂದ ಜೇನಿನ 'ರಾಜ'ನ ಹೊಟ್ಟೆಯನ್ನು ಸೀಳಿ, ಅಲ್ಲಿ ಅಂಡಾಶಯವನ್ನು ತೋರಿಸಿದನು. ಜಿನೀವಾದ ಫ್ರಾಂಸ್ವಾ ಹ್ಯೂಬರನು ಹರೆಯದಲ್ಲಿಯೇ ಕಣ್ಣು ಕಳೆದುಕೊಂಡವನು. ಬರ್ನೆನ್ಸ್ ಎಂಬ ಸೇವಕನ ಕಣ್ಣೇ ತನ್ನ ಕಣ್ಣಾಗಿ, ಪುಸ್ತಕದ ಹಾಳೆಗಳಂತೆ ಬಿಚ್ಚಿ ನೋಡಬಹುದಾದ ಒಂದು ಗೂಡನ್ನು ರಚಿಸಿ, ರಾಣಿಯ ಜೀವನ ರಹಸ್ಯಗಳನ್ನು ಶೋಧಿಸಿ 1792ರಲ್ಲಿ ಪ್ರಕಟಿಸಿದನು. ಕಡೆಯ ಬೀಗವನ್ನು ತೆರೆದವನು ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್. ನೊಣಗಳು ತಮ್ಮ ಓಡಾಟಕ್ಕೆಂದು ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಸಂದನ್ನು ಎಲ್ಲೆಡೆಯೂ ತೆರವಾಗಿ ಬಿಡುತ್ತವೆ; ಅದಕ್ಕಿಂತ ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಹಿರಿದಾದರೆ ಹುಟ್ಟು ಕಟ್ಟಿ ತುಂಬುತ್ತವೆ. ಈ ಅಳತೆಯ ಮರ್ಮವನ್ನು ಆತನು 1851ರಲ್ಲಿ ಅರಿತು, ಹುಟ್ಟುಗಳನ್ನು ಒಂದೊಂದಾಗಿ ಎತ್ತಿ ಇಡಬಹುದಾದ ಚೌಕಟ್ಟಿನ ಪೆಟ್ಟಿಗೆಯನ್ನು ಮಾಡಿದನು. ಮರುವರ್ಷ ಅದಕ್ಕೆ ಹಕ್ಕುಪತ್ರ ದೊರೆಯಿತು.

ಆದರೆ ಆ ಪೆಟ್ಟಿಗೆ ಯೂರೋಪಿನ ದೊಡ್ಡ ನೊಣದ ಅಳತೆಗೆ ಒಪ್ಪಿದುದು. ನಮ್ಮ ತುಡುವೆ ಮೈಯಲ್ಲಿ ಚಿಕ್ಕದು. ಅದರ ಸಂದೂ ಚಿಕ್ಕದು. ಭಾರತದಲ್ಲಿ 1882ರಷ್ಟು ಹಿಂದೆಯೇ ಬಂಗಾಳದಲ್ಲಿ ಪೆಟ್ಟಿಗೆ ಜೇನಿನ ಪ್ರಯತ್ನ ನಡೆದರೂ ಅದು ಬೇರೂರಲಿಲ್ಲ. ದಕ್ಷಿಣದಲ್ಲಿ ನ್ಯೂಟನ್ ಎಂಬ ಪಾದ್ರಿಯು 1911ರಿಂದ 1917ರವರೆಗೆ ತುಡುವೆಗೆ ಹೊಂದುವ ಕಿರಿಯ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಯ ಜನರಿಗೆ ತರಬೇತು ಕೊಟ್ಟನು. ಇಂದಿಗೂ ಅದು ನ್ಯೂಟನ್ ಪೆಟ್ಟಿಗೆಯೆಂದೇ ಹೆಸರಾಗಿದೆ. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಈ ಕಸುಬು ಮೊದಲಾಯಿತು. 1936ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಕೃಷಿಕರ ಸಹಕಾರ ಸಂಘ ಸ್ಥಾಪಿತವಾಯಿತು. ಪೊಟರೆ, ಹುತ್ತ, ಗೋಡೆಗಳಿಂದ ಜೇನನ್ನು ಜೀವಂತವಾಗಿ ತಂದು ಪೆಟ್ಟಿಗೆಗೆ ತುಂಬುವ ಜಾಣ್ಮೆ ಹೀಗೆ ನಮ್ಮ ಹಳ್ಳಿಗಳಲ್ಲಿ ಹರಡಿತು.

ಆ ಕೆಲಸದ ಕ್ರಮ ಹೀಗಿದೆ. ಮೊದಲು ತೆಂಗಿನ ನಾರಿನ ಹೊಗೆಯನ್ನು ಬಾಗಿಲಲ್ಲಿ ಹಿತಮಿತವಾಗಿ ಹಾಯಿಸುವರು. ಬೆಂಕಿಯ ಸುಳಿವು ಸಿಕ್ಕ ನೊಣಗಳು ತುಪ್ಪ ಹೀರಿಕೊಳ್ಳಲು ಧಾವಿಸುತ್ತವೆ. ಹೊಟ್ಟೆ ತುಂಬಿದ ನೊಣಕ್ಕೆ ಕುಟುಕುವ ಹುರುಪು ಕಡಮೆ. ಬಳಿಕ ಗಾರೆಯನ್ನು ಕೆತ್ತಿ, ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಹುಟ್ಟುಗಳ ಅಂಚು ಕಾಣುವಂತೆ ಮಾಡುವರು. ಮರಿಗಳಿರುವ ಹುಟ್ಟನ್ನು ಹರಿತವಾದ ಚಾಕುವಿನಿಂದ ಕೊಯ್ದು, ತಲೆಕೆಳಗಾಗದಂತೆ ಚೌಕಟ್ಟಿಗೆ ಕೂಡಿಸಿ, ಬಾಳೆಯ ನಾರಿನಿಂದ ಕಟ್ಟುವರು. ಕೆಲವು ದಿನಗಳಲ್ಲಿ ನೊಣಗಳೇ ಅದನ್ನು ಮೇಣದಿಂದ ಬೆಸೆದು ನಾರನ್ನು ಕಡಿದು ಹಾಕುತ್ತವೆ. ತುಪ್ಪ ತುಂಬಿದ ಹುಟ್ಟನ್ನು ಬೇರೆ ಪಾತ್ರೆಯಲ್ಲಿಡುವರು. ಅದು ಪೆಟ್ಟಿಗೆಯಲ್ಲಿ ಒಡೆದು ಸೋರಿದರೆ ಇರುವೆಗಳು ಮುತ್ತುತ್ತವೆ. ಇಷ್ಟರಲ್ಲಿ ರಾಣಿಯನ್ನು ಹುಡುಕಬೇಕು. ರಾಣಿ ಪೆಟ್ಟಿಗೆಯನ್ನು ಸೇರಿದಳೋ, ಉಪನಿಷತ್ತು ಹೇಳಿದಂತೆ ಉಳಿದುವೆಲ್ಲ ತಾವಾಗಿ ಹಿಂಬಾಲಿಸುತ್ತವೆ. ಮೇವಿಗೆ ಹೋದ ನೊಣಗಳು ಮರಳುವವರೆಗೆ ಪೆಟ್ಟಿಗೆ ಅಲ್ಲಿಯೇ ಇರಬೇಕು. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಎರಡು ಮೂರು ಕಿಲೋಮೀಟರುಗಳ ಆಚೆಗೆ ಒಯ್ಯುವರು. ಹತ್ತಿರವೇ ಇಟ್ಟರೆ ಹಳೆಯ ದಾರಿಯ ನೆನಪಿನಿಂದ ಗೋಡೆಗೇ ಹಿಂತಿರುಗುತ್ತವೆ. ಕೊನೆಯದಾಗಿ ಪೊಟರೆಯೊಳಗಿನ ಮೇಣವನ್ನು ಕೆರೆದು ತೆಗೆದು, ಸಂದಿಲ್ಲದಂತೆ ಗಾರೆ ತುಂಬಬೇಕು. ಇಲ್ಲವಾದರೆ ಅದರ ವಾಸನೆಗೆ ಇನ್ನೊಂದು ಹಿಂಡು ಬಂದು ನೆಲಸೀತು.

ಗೋಡೆಯನ್ನು ಒಡೆಯಲಾಗದ ಕಡೆ ಇನ್ನೊಂದು ಉಪಾಯವಿದೆ. ಬಾಗಿಲಿಗೆ ತಂತಿಬಲೆಯ ಲಾಳಿಕೆಯನ್ನು ಹೊರಮುಖವಾಗಿ ಕೂಡಿಸಿದರೆ, ಹೊರಟ ನೊಣ ಮರಳಿ ಒಳಗೆ ಹೋಗಲಾರದೆ ಪಕ್ಕದ ಪೆಟ್ಟಿಗೆಯನ್ನು ಸೇರುತ್ತದೆ. ಆದರೆ ಇದಕ್ಕೆ ವಾರಗಟ್ಟಲೆ ಕಾಲ ಬೇಕು. ರಾಣಿಯು ಒಳಗೆಯೇ ಉಳಿದುಬಿಡುವುದೂ ಉಂಟು. ಒಂದು ಎಚ್ಚರಿಕೆಯ ಮಾತು. ಇವೆಲ್ಲ ಬಲ್ಲವರ ಕೈಯಿಂದಲೇ ನಡೆಯಬೇಕಾದ ಕೆಲಸ. ಕೆಲವರ ಮೈಗೆ ಒಂದೇ ಒಂದು ಕುಟುಕು ಪ್ರಾಣಾಪಾಯವನ್ನು ತರಬಲ್ಲುದು. ಅಂಥವರು ಹತ್ತಿರ ಸುಳಿಯಬಾರದು. ಕುಟುಕು ತಗುಲಿ ಉಸಿರು ಕಟ್ಟುವಂತಾದರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮನೆಯ ಸೂರಿಗೆ ಹೆಜ್ಜೇನು ಕಟ್ಟಿದ್ದರೆ ಅದರ ತಂಟೆಗೆ ಹೋಗದಿರುವುದೇ ಲೇಸು.

ಇಷ್ಟು ಶ್ರಮವೇಕೆ, ಸುಟ್ಟರಾಗದೆ ಎಂದು ಕೇಳುವವರುಂಟು. ಸುಟ್ಟರೆ ಗೋಡೆ ಶುದ್ಧವಾಗುವುದಿಲ್ಲ. ಕಾವಲಿಲ್ಲದ ಹುಟ್ಟಿಗೆ ಮೇಣದ ಹುಳುಗಳೂ ಇರುವೆಗಳೂ ಬರುತ್ತವೆ, ತುಪ್ಪ ಸೋರುತ್ತದೆ, ಸತ್ತ ಮರಿಗಳು ಕೊಳೆತು ನಾರುತ್ತವೆ. ಕಡೆಗೆ ಗೋಡೆಯನ್ನು ಒಡೆಯಲೇಬೇಕಾಗುತ್ತದೆ. ಇದಕ್ಕಿಂತ ಹಿರಿದಾದ ಕಾರಣವೊಂದಿದೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲ್ಪಟ್ಟ ಒಂದು ವೈರಸ್ ರೋಗವು 1991–92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿ, ತುಡುವೆಯ ಮರಿಗಳನ್ನು ನೀರು ತುಂಬಿದ ಚೀಲಗಳಂತೆ ಮಾಡಿ ಕೊಂದಿತು. ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಸಂಸಾರಗಳು ನಾಶವಾದುವು. ಸಾಲು ಸಾಲಾಗಿ ಪೆಟ್ಟಿಗೆಗಳು ಬರಿದಾಗಿ ನಿಂತುವು. ಅನಂತರ ಕಸುಬು ಮತ್ತೆ ಚಿಗುರಿದುದು ಆ ಮಾರಿಯನ್ನು ದಾಟಿ ಉಳಿದ ಸಂಸಾರಗಳಿಂದ. ಇಂದು ನಿಮ್ಮ ಗೋಡೆಯೊಳಗೆ ಯಾರ ಆರೈಕೆಯೂ ಇಲ್ಲದೆ ಗಟ್ಟಿಯಾಗಿ ಬಾಳುತ್ತಿರುವ ತುಡುವೆ ಅಂಥ ಉಳಿದವರ ಸಂತತಿಯಾಗಿರಬಹುದು. ರೈತನು ಬಿತ್ತನೆಯ ಬೀಜವನ್ನು ಒಲೆಗೆ ಹಾಕುವನೆ?

ಗೋಡೆಯ ಜೇನನ್ನು ಕಂಡು ಗೃಹ್ಯಸೂತ್ರದ ಕಾಲದವನು ಹೋಮವನ್ನು ಮಾಡಿದನು. ಕಾಶ್ಮೀರದ ರೈತನು ಅದಕ್ಕೊಂದು ಬಾಗಿಲನ್ನು ಇಟ್ಟನು. ಕೊಡಗಿನ ಕೃಷಿಕನು ಪೆಟ್ಟಿಗೆಯನ್ನು ಹೊತ್ತು ತಂದನು. ನಿಮ್ಮ ಊರಿನ ಸುತ್ತಮುತ್ತ ಜೇನು ಸಾಕುವವರೊಬ್ಬರು ಇದ್ದೇ ಇರುವರು. ಪಂಜನ್ನು ಹೊತ್ತಿಸುವ ಮೊದಲು ಅವರಿಗೆ ಹೇಳಿಕಳುಹಿಸಿರಿ. ನಿಮಗೆ ಬೇಡವಾದ ಸಂಸಾರ ಅವರಿಗೆ ಬೇಕಾದುದು. ಬಂದವರು ಹೋಗುವಾಗ ನಿಮ್ಮ ಮಕ್ಕಳ ಅಂಗೈಗೆ ಒಂದಿಷ್ಟು ತುಪ್ಪವನ್ನು ಹಾಕದೆ ಹೋಗುವವರಲ್ಲ.