ಪ್ರೈವೇಟ್ ಜೆಟ್‌ಗೆ ಚಿಕ್ಕ ರನ್‌ವೇ ಸಾಕೇ? ಸಾಗರ ದಾಟಲು ನಿಯಮವೇ ಇಲ್ಲವೇ?

ಎಲ್ಲಾದರೂ ಖಾಸಗಿ ವಿಮಾನ ಅಪಘಾತಕ್ಕೀಡಾದ ಸುದ್ದಿ ಬಂದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೂರು ಮಾತುಗಳು ಓಡಾಡತೊಡಗುತ್ತವೆ. ಪ್ರೈವೇಟ್ ಜೆಟ್ ಎಂಥ ಚಿಕ್ಕ ರನ್‌ವೇಯಿಂದಲೂ ಏರಬಲ್ಲದು, ಟೇಕಾಫ್ ವೇಳೆ ಒಂದು ಇಂಜಿನ್ ನಿಂತರೆ ಕಥೆ ಮುಗಿಯಿತು, ಶ್ರೀಮಂತರ ವಿಮಾನಗಳಿಗೆ ಸಾಗರ ದಾಟಲು ಯಾವ ನಿಯಮವೂ ಇಲ್ಲ. ಒಂದೊಂದಾಗಿ ನೋಡೋಣ.

ಮಾತು 1: ಚಿಕ್ಕ ರನ್‌ವೇ ಸಾಕು

ಅರ್ಧ ಸತ್ಯ. ಗಲ್ಫ್‌ಸ್ಟ್ರೀಮ್ ಜಿ650 ವಿಮಾನಕ್ಕೆ ಪೂರ್ತಿ ತೂಕದಲ್ಲಿ ಬೇಕಾದ ಟೇಕಾಫ್ ದೂರ 5,858 ಅಡಿ, ಅಂದರೆ ಸುಮಾರು 1,786 ಮೀಟರ್ ಎಂದು ಕಂಪನಿ ಹೇಳುತ್ತದೆ. ಆದರೆ ಇದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ ಮಾಡಿದ ಲೆಕ್ಕ. ಎತ್ತರ ಮತ್ತು ಸೆಕೆ ಎರಡೂ ಸೇರಿದರೆ ಗಾಳಿ ತೆಳುವಾಗುತ್ತದೆ. ಆಗ ರೆಕ್ಕೆಗೆ ಹೆಚ್ಚು ವೇಗ ಬೇಕು, ಇಂಜಿನ್ ಕೊಡುವ ಬಲ ಮಾತ್ರ ಕಡಿಮೆ.

ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳಿ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಬೇಸಿಗೆಯ 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟೇ ತೆಳು. ವಿಮಾನಕ್ಕೆ ಲೆಕ್ಕ ಸಿಗುವುದು ಆ 6,000 ಅಡಿಯೇ. ಅಮೆರಿಕದ ಆಸ್ಪೆನ್ ನಿಲ್ದಾಣವಂತೂ ಸುಮಾರು 7,800 ಅಡಿ ಎತ್ತರದಲ್ಲಿ, ಬೆಟ್ಟಗಳ ನಡುವೆ ಇದೆ. ಇಂಥ ಕಡೆ ಇಂಧನವನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಿಯೇ ಹೊರಡಬೇಕಾಗುತ್ತದೆ. ದೂರದ ಊರಿಗೆ ನೇರವಾಗಿ ಹೋಗಬೇಕಾದ ವಿಮಾನ ನಡುವೆ ಇಳಿದು ಇಂಧನ ತುಂಬಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮಾತು 2: ಒಂದು ಇಂಜಿನ್ ನಿಂತರೆ ಮುಗಿಯಿತು

ತಪ್ಪು. ಟೇಕಾಫ್ ಲೆಕ್ಕ ಹಾಕುವುದೇ ಅತ್ಯಂತ ಕೆಟ್ಟ ಕ್ಷಣದಲ್ಲಿ ಒಂದು ಇಂಜಿನ್ ಕೈಕೊಡುತ್ತದೆ ಎಂದುಕೊಂಡು. ಪ್ರತಿ ಟೇಕಾಫ್‌ಗೂ ಪೈಲಟ್‌ಗಳು 'ವಿ-ಒನ್' ಎಂಬ ವೇಗವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆ ವೇಗ ಮುಟ್ಟುವ ಮೊದಲು ತೊಂದರೆಯಾದರೆ ಬ್ರೇಕ್ ಹಾಕಿ ರನ್‌ವೇಯಲ್ಲೇ ನಿಲ್ಲಿಸಬಹುದು. ದಾಟಿದ ಮೇಲಾದರೆ ಉಳಿದ ಇಂಜಿನ್‌ನಿಂದಲೇ ಏರಬೇಕು. ದೊಡ್ಡ ಬಿಸಿನೆಸ್ ಜೆಟ್‌ಗಳಿಗೆ ಪ್ರಯಾಣಿಕ ವಿಮಾನಗಳದೇ ವಿನ್ಯಾಸ ನಿಯಮ. ಎರಡು ಇಂಜಿನ್‌ನ ವಿಮಾನ ಚಕ್ರ ಮಡಚಿದ ಮೇಲೆ ಒಂದೇ ಇಂಜಿನ್‌ನಲ್ಲಿ ಪ್ರತಿ 1,000 ಅಡಿ ಮುಂದೆ ಸಾಗುವಷ್ಟರಲ್ಲಿ ಕನಿಷ್ಠ 24 ಅಡಿ ಮೇಲೇರಲೇಬೇಕು.

ಅಪಾಯ ಹೆಚ್ಚಾಗಿ ಇರುವುದು ಶಿಸ್ತು ತಪ್ಪಿದಾಗ. 2014ರ ಮೇ 31ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ-ಫೋರ್ ವಿಮಾನವೊಂದು ರನ್‌ವೇ ದಾಟಿ ಹೊತ್ತಿ ಉರಿಯಿತು. ಏಳು ಜನ ಸತ್ತರು. ಇಂಜಿನ್‌ಗಳು ಚೆನ್ನಾಗಿಯೇ ಇದ್ದವು. ನಿಲ್ಲಿಸಿದ ವಿಮಾನದ ಫಲಕಗಳು ಗಾಳಿಗೆ ಅಲುಗದಂತೆ ಹಾಕುವ ಲಾಕ್ ತೆಗೆದಿರಲಿಲ್ಲ. ಹೊರಡುವ ಮುನ್ನ ಮಾಡಬೇಕಾದ ಪರೀಕ್ಷೆಯನ್ನೂ ಮಾಡಿರಲಿಲ್ಲ. ಟೇಕಾಫ್ ಕೈಬಿಡುವುದೂ ತಡವಾಯಿತು ಎಂದು ತನಿಖೆ ಹೇಳಿತು.

ಮಾತು 3: ಸಾಗರ ದಾಟಲು ನಿಯಮವೇ ಇಲ್ಲ

ಇದರಲ್ಲಿ ಸ್ವಲ್ಪ ನಿಜವಿದೆ. ಅಮೆರಿಕದ ನಿಯಮ ನೋಡುವುದು ವಿಮಾನವನ್ನಷ್ಟೇ ಅಲ್ಲ, ಅದು ಯಾರಿಗಾಗಿ ಹಾರುತ್ತಿದೆ ಎಂಬುದನ್ನೂ. ಎರಡು ಇಂಜಿನ್‌ನ ಏರ್‌ಲೈನ್ ವಿಮಾನ, ಒಂದೇ ಇಂಜಿನ್‌ನಲ್ಲಿ ಹಾರಿದರೂ 60 ನಿಮಿಷದಲ್ಲಿ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಅದಕ್ಕಿಂತ ದೂರ ಹೋಗಲು 'ಇಟಾಪ್ಸ್' ಎಂಬ ವಿಶೇಷ ಅನುಮತಿ ಬೇಕು. 2007ರ ನಿಯಮದ ಪ್ರಕಾರ ಬಾಡಿಗೆಯ ಚಾರ್ಟರ್ ಜೆಟ್‌ಗೆ ಈ ಮಿತಿ 180 ನಿಮಿಷ. ಮಾಲೀಕ ತನ್ನ ಸ್ವಂತ ಕೆಲಸಕ್ಕೆ ಹಾರಿಸಿದರೆ ಇಂಥ ಮಿತಿಯೇ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಗೆ ಸುಮಾರು 3,850 ಕಿ.ಮೀ. ನಡುವೆ ಬರೀ ನೀರು. ಸರಿಯಾಗಿ ಮಧ್ಯದಲ್ಲಿ ಒಂದು ಇಂಜಿನ್ ನಿಂತು, ವೇಗ ಗಂಟೆಗೆ 740 ಕಿ.ಮೀ.ಗೆ ಇಳಿದರೆ ದಡ ಸೇರಲು ಸುಮಾರು 2 ಗಂಟೆ 36 ನಿಮಿಷ ಬೇಕು. ಅಂದರೆ ಏರ್‌ಲೈನ್‌ಗೆ ಇಟಾಪ್ಸ್ ಬೇಕೇ ಬೇಕು, ಅದೇ ದಾರಿಯ ಚಾರ್ಟರ್ ಜೆಟ್‌ಗೆ ಬೇಡ.

ಹಾಗೆಂದು ಸ್ವಂತ ಜೆಟ್‌ನ ಪೈಲಟ್ ಲೆಕ್ಕವಿಲ್ಲದೆ ಹಾರುತ್ತಾನೆ ಎಂದಲ್ಲ. ಎಲ್ಲಿಯವರೆಗೆ ಹಿಂದಿರುಗಬೇಕು, ಎಲ್ಲಿಂದ ಮುಂದೆಯೇ ಸಾಗಬೇಕು ಎಂಬ ಬಿಂದುವನ್ನು ಮೊದಲೇ ಗುರುತಿಸಿರುತ್ತಾರೆ. ಇಂಧನದ ಮಟ್ಟಿಗೆ ಹೆಚ್ಚಿನ ಚಿಂತೆ ಇಂಜಿನ್‌ನದಲ್ಲ, ಕ್ಯಾಬಿನ್‌ನೊಳಗಿನ ಗಾಳಿಯ ಒತ್ತಡದ್ದು. 45,000 ಅಡಿಯಲ್ಲಿ ಅದು ಕುಸಿದರೆ ಉಸಿರಾಡಬಹುದಾದ 10,000-15,000 ಅಡಿಗೆ ಇಳಿಯಬೇಕು. ಅಲ್ಲಿ ಗಾಳಿ ದಟ್ಟ, ಇಂಧನ ಬೇಗ ಕರಗುತ್ತದೆ. ಅದಕ್ಕೂ ಸಾಕಾಗುವಷ್ಟು ಇಂಧನವಿಲ್ಲದೆ ಹೊರಡುವುದು ಜಾಣತನವಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಆ ರನ್‌ವೇ ಅಂಕಿ ಯಾವ ಎತ್ತರ, ಯಾವ ಉಷ್ಣಾಂಶದ್ದು? ವಿಮಾನ ಏರ್‌ಲೈನ್‌ನದೋ, ಚಾರ್ಟರೋ, ಸ್ವಂತದ್ದೋ? ತನಿಖಾ ವರದಿ ಹೊರಬಂದಿದೆಯೇ? ಉತ್ತರ ಇಲ್ಲದ ಸಂದೇಶವನ್ನು ನಿಮ್ಮ ಫೋನ್‌ನಲ್ಲೇ ನಿಲ್ಲಿಸಿ. ಅದರಲ್ಲಿ ಹೆಸರಿರುವ ಪೈಲಟ್‌ಗೂ ಮನೆಯವರು ಇರುತ್ತಾರೆ, ಆ ಸಂದೇಶ ಅವರ ಫೋನ್‌ಗೂ ಹೋಗುತ್ತದೆ.