ಬುದ್ಧಿಮಾಪನವೂ ಮಗುವಿನ ಹಕ್ಕೂ

ಫ್ರಾನ್ಸಿನಲ್ಲಿ 1882ರ ಶಾಸನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಮೇಲೆ, ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವ ಪ್ರಶ್ನೆ ತಲೆದೋರಿತು. 1905ರಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ರಚಿಸಿದ ಮಾಪಕದ ಉದ್ದೇಶ ಇಂಥವರಿಗೆ ತಕ್ಕ ಬೋಧನೆಯನ್ನು ಒದಗಿಸುವುದಾಗಿತ್ತೇ ಹೊರತು ಅವರ ಹಣೆಬರಹವನ್ನು ನಿರ್ಣಯಿಸುವುದಾಗಿರಲಿಲ್ಲ. ಬುದ್ಧಿಯು ಹೆಚ್ಚಿಸಲಾಗದ ವಸ್ತುವೆಂಬ ಮತವನ್ನು ಬಿನೆ 1909ರಲ್ಲಿ ಬಲವಾಗಿಯೇ ಖಂಡಿಸಿದನು.

ಮಾಪಕವು ಅಮೆರಿಕವನ್ನು ಸೇರಿದ ಮೇಲೆ ಈ ಎಚ್ಚರಿಕೆ ಮರೆತುಹೋಯಿತು. ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ‘ಮಂದಬುದ್ಧಿ’ಯವರೆಂದು ಪ್ರತ್ಯೇಕ ತರಗತಿಗಳಿಗೆ ದೂಡಲಾಗಿತ್ತು. ಅಲ್ಲಿ ಅಳೆದದ್ದು ಬುದ್ಧಿಯನ್ನೋ, ಇಂಗ್ಲಿಷನ್ನೋ? ಒಂಬತ್ತು ಮಕ್ಕಳ ಪರವಾಗಿ ಹೂಡಿದ ‘ಡಯಾನಾ’ ಮೊಕದ್ದಮೆಯು 1970ರಲ್ಲಿ ರಾಜಿಯಲ್ಲಿ ಮುಗಿದು, ಮನೆಮಾತಿನಲ್ಲಿಯೂ ಪರೀಕ್ಷಿಸತಕ್ಕದ್ದೆಂಬ ಕಟ್ಟಳೆ ಬಂದಿತು.

ವಿಶೇಷ ಶಿಕ್ಷಣವನ್ನು ಕುರಿತ 1975ರ ಅಮೆರಿಕದ ಶಾಸನವನ್ನು ಸರ್ಕಾರದ ದಯೆಯೆಂದು ಬಣ್ಣಿಸುವುದನ್ನು ನಾವು ಒಪ್ಪಲಾರೆವು. ನ್ಯಾಯಾಲಯದ ಮೆಟ್ಟಿಲೇರಿದ ತಂದೆತಾಯಿಗಳು ಅದಕ್ಕೆ ದಾರಿ ಮಾಡಿದರು. ಪರೀಕ್ಷೆ ಮಗುವಿನ ಭಾಷೆಯಲ್ಲಿ ನಡೆಯಬೇಕು, ಯಾವುದೇ ಒಂದು ಪರೀಕ್ಷೆಯೇ ನಿರ್ಣಯಕ್ಕೆ ಆಧಾರವಾಗಬಾರದು ಎಂದು ಅದು ವಿಧಿಸಿತು. ದಾಖಲೆಗಳನ್ನು ನೋಡುವ, ಸ್ವತಂತ್ರ ಪರೀಕ್ಷೆಯನ್ನು ಪಡೆಯುವ, ಶಾಲೆಯ ನಿರ್ಣಯವನ್ನು ಪ್ರಶ್ನಿಸುವ ಹಕ್ಕು ತಂದೆತಾಯಿಗಳಿಗೆ ದೊರೆಯಿತು. 1990ರಲ್ಲಿ ಶಾಸನದ ಹೆಸರು ಬದಲಾಯಿತು. ಈ ವಿಧಿಗಳು ಉಳಿದುಕೊಂಡವು.